ಟಾರ್ಗೆಟ್ ಪಿಸ್ತೂಲಿಗೆ ಯಾವ .22 ಗುಂಡು?

ಬೆಂಗಳೂರಿನಲ್ಲಿ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಬರುವ ಹೊಸಬರು ತಪ್ಪದೆ ಕೇಳುವ ಪ್ರಶ್ನೆ ಇದು. ನನ್ನ ಪಾರ್ಡಿನಿ ಪಿಸ್ತೂಲಿನಲ್ಲಿ ನಾಲ್ಕು ಥರದ .22 ಲಾಂಗ್ ರೈಫಲ್ ಗುಂಡು (ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ) ಹೊಡೆದು ನೋಡಿದ್ದೇನೆ: ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಈಲಿ ಟೆನೆಕ್ಸ್, ಒಂದು ಅಗ್ಗದ್ದು, ಒಂದು ಹೈ ವೆಲಾಸಿಟಿ. ಕೊನೆಯ ಎರಡರ ಹೆಸರು ಬೇಡ.

ಹೈ ವೆಲಾಸಿಟಿ ನಮಗಲ್ಲ. ಟಾರ್ಗೆಟ್ ಪಿಸ್ತೂಲಿನ ಸ್ಪ್ರಿಂಗ್ ಇರುವುದು ಸೆಕೆಂಡಿಗೆ ಸುಮಾರು 325–330 ಮೀಟರ್ ವೇಗದ ಗುಂಡಿಗೆ. ಅದಕ್ಕಿಂತ ಜೋರಿನದ್ದು ಹಾಕಿದರೆ ಬೋಲ್ಟ್ (ಗುಂಡಿನ ಹಿಂದೆ ಮುಚ್ಚಿಕೊಳ್ಳುವ ಭಾಗ) ಹಿಂದಕ್ಕೆ ಬಡಿಯುತ್ತದೆ, ನಳಿಗೆ ಜಾಸ್ತಿ ಎಗರುತ್ತದೆ. ಸುಮ್ನೆ ಪಿಸ್ತೂಲು ಸವೆಸಿದ ಹಾಗೆ.

ಅಗ್ಗದ್ದರ ಗ್ರೂಪ್ (ಟಾರ್ಗೆಟ್ ಮೇಲೆ ಗುಂಡುಗಳು ಬಿದ್ದ ಗುಂಪಿನ ಅಗಲ) ಪರವಾಗಿಲ್ಲ, ತೊಂದರೆ ಮಿಸ್‌ಫೈರ್‌ನದ್ದು. .22ರಂಥ ರಿಮ್‌ಫೈರ್ ಗುಂಡಿನಲ್ಲಿ ಕಿಡಿ ಹೊತ್ತಿಸುವ ಮದ್ದು ಕೇಸಿನ ಅಂಚಿನೊಳಗೆ ಸುತ್ತಲೂ ಇರುತ್ತದೆ. ಮದ್ದು ಕಮ್ಮಿ ಇರುವ ಜಾಗಕ್ಕೇ ಪಿನ್ ಬಡಿದರೆ ಬರೀ 'ಟಿಕ್'. ಅದೇ ಗುಂಡನ್ನು ತಿರುಗಿಸಿ ಹಾಕಿದರೆ ಎಷ್ಟೋ ಸಲ ಹಾರುತ್ತದೆ. (ಟಿಕ್ ಅಂದ ಕೂಡಲೇ ಬೋಲ್ಟ್ ಎಳೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆ ಟಾರ್ಗೆಟ್ ಕಡೆಗೇ ಇರಲಿ, ಸ್ವಲ್ಪ ಕಾಯಿರಿ.) ನಮ್ಮ 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಎರಡು ಹಂತ: ಪ್ರಿಸಿಷನ್, ರ್‍ಯಾಪಿಡ್. ಐದು ನಿಮಿಷಕ್ಕೆ ಐದು ಗುಂಡು ಹೊಡೆಯುವ ಪ್ರಿಸಿಷನ್‌ನಲ್ಲಿ ಇದನ್ನು ಸಹಿಸಬಹುದು. ರ್‍ಯಾಪಿಡ್‌ನಲ್ಲಿ ಒಂದೊಂದು ಗುಂಡಿಗೆ ಸಿಗುವುದು 3 ಸೆಕೆಂಡ್, ಆಮೇಲೆ 7 ಸೆಕೆಂಡ್ ಬಿಡುವು. ಅಲ್ಲಿ ಒಂದು ಟಿಕ್ ಕೇಳಿಸಿದರೆ ಮುಂದಿನ ಗುಂಡುಗಳಿಗೂ ಕೈ ಅನುಮಾನಪಡುತ್ತದೆ.

ಉಳಿದದ್ದು ಎಸ್‌ಕೆ, ಟೆನೆಕ್ಸ್. ಕೈ ಊರಿ ಹೊಡೆದಾಗ ಟೆನೆಕ್ಸ್ ಗ್ರೂಪ್ ಚಿಕ್ಕದು, ಸಂಶಯವಿಲ್ಲ. ಆದರೆ ಎಸ್‌ಕೆ ಗ್ರೂಪ್ ಕೂಡ ಹೆಚ್ಚುಕಮ್ಮಿ ಹತ್ತು ರೂಪಾಯಿ ನಾಣ್ಯದಷ್ಟೇ. ಪ್ರಿಸಿಷನ್ ಟಾರ್ಗೆಟ್‌ನ ಹತ್ತರ ವೃತ್ತ 50 ಮಿಲಿಮೀಟರ್ ಅಗಲ. ಒಂದೇ ಕೈಯಲ್ಲಿ ಹೊಡೆಯುವ ನನ್ನಂಥವರ ಅಲುಗಾಟದ ಮುಂದೆ ಇವೆರಡರ ವ್ಯತ್ಯಾಸ ಕಾಣುವುದೇ ಇಲ್ಲ. ಜಾಮ್ ವಿಷಯದಲ್ಲೂ ಎರಡೂ ಸಮ. ಟೆನೆಕ್ಸ್ ಬೆಲೆ ಮಾತ್ರ ಎಸ್‌ಕೆಯ ಎರಡು ಪಟ್ಟಿಗೂ ಜಾಸ್ತಿ. ರೈಫಲ್‌ನವರು 50 ಮೀಟರ್‌ಗೆ ಟೆನೆಕ್ಸ್ ಹೊಡೆಯಲಿ, ಅಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್ ಅಷ್ಟೇ ಅಲ್ವಾ!

ಹಾಗಂತ ನನ್ನ ಮಾತು ನಂಬಿ ಡಬ್ಬಿಗಟ್ಟಲೆ ತರಬೇಡಿ. ಪಕ್ಕದ ಲೇನಿನ ಹಿರಿಯರೊಬ್ಬರ ವಾಲ್ಥರ್ ಪಿಸ್ತೂಲಿಗೆ ಎಸ್‌ಕೆಗಿಂತ ಸಿಸಿಐ ಸ್ಟ್ಯಾಂಡರ್ಡ್ ಗುಂಡು ಚೆನ್ನಾಗಿ ಒಗ್ಗಿದೆ. ಒಂದೇ ಬ್ರ್ಯಾಂಡಿನಲ್ಲೂ ಲಾಟ್ (ಒಟ್ಟಿಗೆ ತಯಾರಾದ ಕಂತು) ಬದಲಾದರೆ ಗ್ರೂಪ್ ಬದಲಾಗುತ್ತದೆ. ಲೈಸೆನ್ಸಿನಲ್ಲಿ ಬರೆದಷ್ಟೇ ಗುಂಡು ಕೊಳ್ಳಬೇಕಾದ ನಮಗೆ ಹತ್ತು ಲಾಟ್ ಹೊಡೆದು ನೋಡುವ ಐಷಾರಾಮ ಎಲ್ಲಿ? ಒಂದೆರಡು ಡಬ್ಬಿ ತನ್ನಿ, ಹೊಡೆದು ನೋಡಿ. ಸರಿ ಬಂದರೆ ಡಬ್ಬಿ ಮೇಲಿನ ಲಾಟ್ ನಂಬರ್ ನೋಡಿ ಅದನ್ನೇ ಕೇಳಿ.

ಇನ್ನೊಂದು: ಗುಂಡಿಗೆ ಹಚ್ಚಿದ ಮೇಣ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಕಟ್ಟಿಕೊಂಡರೆ ಒಳ್ಳೆಯ ಗುಂಡೂ ಪೂರ್ತಿ ಒಳಗೆ ಕೂರುವುದಿಲ್ಲ. ಬ್ರ್ಯಾಂಡ್ ಬದಲಾಯಿಸುವ ಮುಂಚೆ ಚೇಂಬರ್ ಒರೆಸಿ ನೋಡಿ.