ಪುಕ್ಕಟೆ ಕುದುರೆ ಗೊಬ್ಬರ ತರುವ ಮುಂಚೆ ಇದನ್ನು ಓದಿ

ಕೊಲರಾಡೊ ಬೆಟ್ಟಗಳಲ್ಲಿ ತರಕಾರಿ ಬೆಳೆಯುವ ನಮ್ಮ ಕನ್ನಡದವರಿಗೆ ಒಂದು ಮಾತು. ಯಾರಾದರೂ ಕುದುರೆ ಗೊಬ್ಬರ ಸುಮ್ನೆ ಕೊಡ್ತೀವಿ ಅಂದರೆ, ಪರೀಕ್ಷೆ ಮಾಡದೆ ಒಂದು ಬುಟ್ಟಿಯನ್ನೂ ಪಾತಿಗೆ ಸುರಿಯಬೇಡಿ. ಹೋದ ವರ್ಷ ನಮ್ಮ ಟೊಮೇಟೊ, ಬಟಾಣಿ, ಹುರುಳಿಕಾಯಿ, ಮೆಂತ್ಯ ಎಲ್ಲ ಹೋಗಿದ್ದು ಅದರಿಂದಲೇ.

ನಾವಿರುವುದು ವುಡ್‌ಲ್ಯಾಂಡ್ ಪಾರ್ಕ್‌ನಲ್ಲಿ, 8,465 ಅಡಿ ಎತ್ತರ. ಮುಳ್ಳಯ್ಯನಗಿರಿ ತುದಿಗಿಂತ ಎರಡು ಸಾವಿರ ಅಡಿಗೂ ಮೇಲೆ. ಜೂನ್ ಬಂದರೂ ರಾತ್ರಿ ಹಿಮ ಬೀಳುವ ಭಯ, ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು. ನಡುವೆ ಸಿಗುವುದು ಹೆಚ್ಚುಕಮ್ಮಿ ಮೂರು ತಿಂಗಳು. ಮಣ್ಣು ಅಂದರೆ ಗ್ರಾನೈಟ್ ಪುಡಿ, ನೀರು ಹಾಕಿದರೆ ನಿಲ್ಲುವುದೇ ಇಲ್ಲ. ಹಾಗಾಗಿ ಇಲ್ಲಿ ಗೊಬ್ಬರ ಅಂದರೆ ಎಲ್ಲರಿಗೂ ಆಸೆ. ಕುದುರೆ ಸಾಕುವವರಿಗೋ ಲದ್ದಿ ಸಾಗಿಸುವುದೇ ತಲೆನೋವು.

ನಮಗೆ ಕೊಟ್ಟವರನ್ನು ಕೇಳಿಯೇ ತಂದಿದ್ದು. "ಕೆಮಿಕಲ್ ಏನಾದ್ರೂ ಹಾಕ್ತೀರಾ?" "ಏನೂ ಇಲ್ಲ, ಎಲ್ಲಾ ನ್ಯಾಚುರಲ್." ನೋಡಲೂ ಚೆನ್ನಾಗಿತ್ತು. ಹಳೇ ರಾಶಿ, ಕಪ್ಪಗೆ, ಪುಡಿಪುಡಿ, ಕೆಟ್ಟ ವಾಸನೆ ಇಲ್ಲ.

ಸಸಿ ನೆಟ್ಟು ಸ್ವಲ್ಪ ದಿನಕ್ಕೆ ಟೊಮೇಟೊ ತುದಿಯ ಎಲೆ ಮುದುರಿಕೊಂಡಿತು. ಹಳೇ ಎಲೆ ಸರಿಯಾಗಿಯೇ ಇತ್ತು. ಹೊಸದಾಗಿ ಬಂದದ್ದು ಮಾತ್ರ ಮುಷ್ಟಿ ಹಿಡಿದ ಹಾಗೆ ಒಳಕ್ಕೆ ಸುತ್ತಿಕೊಳ್ಳುತ್ತಿತ್ತು. ಕಾಂಡ ದಪ್ಪಗಾಗಿ, ಮುಟ್ಟಿದರೆ ಪಟ್ ಅಂತ ಮುರಿಯುತ್ತಿತ್ತು. ಇಲ್ಲಿನವರನ್ನು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: ಚಳಿ. ಆದರೆ ಚಳಿ ಹೊಡೆದ ಎಲೆ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬೀಳುತ್ತದೆ, ಹೀಗೆ ಸುರುಳಿ ಸುತ್ತುವುದಿಲ್ಲ. ಅದೇ ಪಾತಿಯಲ್ಲಿ ಬೆಳ್ಳುಳ್ಳಿಗೆ ಏನೂ ಆಗಿರಲಿಲ್ಲ. ಹುಲ್ಲಂತೂ ದಷ್ಟಪುಷ್ಟವಾಗಿ ಎದ್ದಿತ್ತು. ಡೆಕ್ ಮೇಲೆ ಅಂಗಡಿ ಮಣ್ಣಿನ ಕುಂಡದಲ್ಲಿದ್ದ ಅದೇ ಟೊಮೇಟೊ ಸಸಿ ಆರಾಮಾಗಿತ್ತು. ಅಲ್ಲಿಗೆ ಚಳಿಯ ಮಾತು ಮುಗಿಯಿತು ಅಲ್ವಾ?

ಇದು ಗೊಬ್ಬರದಲ್ಲಿದ್ದ ಕಳೆನಾಶಕದ ಕೆಲಸ. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಅಂತ ಕೆಲವಿವೆ. ಹುಲ್ಲುಗಾವಲಿನಲ್ಲಿ ಮುಳ್ಳುಗಿಡ ಸಾಯಿಸಲು ಸಿಂಪಡಿಸುತ್ತಾರೆ. ಹುಲ್ಲಿಗೆ ಏನೂ ಆಗುವುದಿಲ್ಲ, ಅಗಲ ಎಲೆಯ ಗಿಡ ಸಾಯುತ್ತದೆ. ಆ ಹುಲ್ಲು ಒಣಗಿಸಿ ಕುದುರೆಗೆ ಹಾಕಿದರೆ ಔಷಧಿ ಹೊಟ್ಟೆಯಲ್ಲಿ ಕರಗದೆ ಲದ್ದಿಯಲ್ಲಿ ಹಾಗೇ ಹೊರಬರುತ್ತದೆ. ಎಷ್ಟು ಕಮ್ಮಿ ಇದ್ದರೂ ಟೊಮೇಟೊ, ಹುರುಳಿಕಾಯಿ, ಬಟಾಣಿ, ಆಲೂಗಡ್ಡೆ ತಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 2008ರಲ್ಲಿ ಕೈತೋಟದವರ ಗಲಾಟೆ ಜಾಸ್ತಿಯಾಗಿ ಅಮಿನೊಪೈರಾಲಿಡ್ ಮಾರಾಟವನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು.

ಹಳೇ ಗೊಬ್ಬರ ಅಂತ ಧೈರ್ಯ ಬೇಡ. ಈ ಕಳೆನಾಶಕವನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ಅವಕ್ಕೆ ಬಿಸಿ ಬೇಕು, ತೇವ ಬೇಕು. ನಮ್ಮ ಬೆಟ್ಟದಲ್ಲಿ ಎರಡೂ ಕಮ್ಮಿ.

ಗೊಬ್ಬರ ಕೊಟ್ಟವರನ್ನು ತಿರುಗಿ ಹೋಗಿ ಕೇಳಿದರೆ, "ನಾನು ಸಿಂಪಡಿಸಿಲ್ಲ. ಹುಲ್ಲು ಕೊಂಡು ತಂದಿದ್ದು, ವೀಡ್-ಫ್ರೀ ಅಂತ ಸರ್ಟಿಫಿಕೇಟ್ ಇದೆ" ಅಂದರು. ಇಲ್ಲೇ ಎಲ್ಲರೂ ಬೇಸ್ತು ಬೀಳುವುದು. ಇಲ್ಲಿನ ರಾಷ್ಟ್ರೀಯ ಅರಣ್ಯಕ್ಕೆ ಕುದುರೆ ಕರೆದುಕೊಂಡು ಹೋಗಲು ಅಂಥ ಹುಲ್ಲೇ ಬೇಕು. ಆದರೆ ಆ ಸರ್ಟಿಫಿಕೇಟ್ ಹೇಳುವುದು ಕಳೆಬೀಜ ಇಲ್ಲ ಅಂತ ಮಾತ್ರ. ಕಳೆ ಹೋಗಿದ್ದು ಹೇಗೆ ಅಂತ ಅದರಲ್ಲಿ ಇರುವುದಿಲ್ಲ. ಹಾಗಾಗಿ "ನೀವು ಸಿಂಪಡಿಸ್ತೀರಾ" ಅಂತ ಕೇಳಬೇಡಿ. ಹುಲ್ಲು ಯಾವ ಹೊಲದ್ದು, ಆ ಹೊಲಕ್ಕೆ ಏನು ಹೊಡೆದಿದ್ದಾರೆ ಅಂತ ಕೇಳಿ. ಗೊತ್ತಿಲ್ಲ ಅಂದರೆ ಬಿಟ್ಟುಬಿಡಿ.

ಪರೀಕ್ಷೆಗೆ ದುಡ್ಡು ಬೇಡ. ರಾಶಿಯ ಬೇರೆ ಬೇರೆ ಕಡೆಯಿಂದ ಗೊಬ್ಬರ ತಂದು, ಅಷ್ಟೇ ಅಳತೆಯ ಅಂಗಡಿ ಮಣ್ಣಿಗೆ ಬೆರೆಸಿ ಮೂರ್ನಾಲ್ಕು ಕುಂಡ ತುಂಬಿ. ಇನ್ನು ಮೂರ್ನಾಲ್ಕಕ್ಕೆ ಬರೀ ಅಂಗಡಿ ಮಣ್ಣು. ಎಲ್ಲದಕ್ಕೂ ಹುರುಳಿಕಾಯಿ ಬೀಜ ಹಾಕಿ ಕಿಟಕಿ ಹತ್ತಿರ ಇಡಿ. ಕುಂಡಗಳಿಂದ ಹರಿದ ನೀರು ಒಂದಕ್ಕೊಂದು ಸೇರದಿರಲಿ. ಮೂರು ವಾರ ಹೊಸ ಎಲೆ ಗಮನಿಸಿ, ಎರಡೂ ಬಗೆಯ ಕುಂಡಗಳಲ್ಲಿ ಒಂದೇ ಥರ ಬಂದರೆ ತೊಂದರೆ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೇಗೂ ಹೊರಗೆ ಹಿಮ, ಮಾಡಲು ಬೇರೆ ಕೆಲಸ ಇಲ್ಲ. ಬೆಂಗಳೂರಿನಲ್ಲಾದರೆ ಬೆಳೆ ಹಾಳಾದರೆ ಮುಂದಿನ ತಿಂಗಳು ಮತ್ತೆ ಬಿತ್ತಬಹುದು. ಇಲ್ಲಿ ಜುಲೈನಲ್ಲಿ ಗೊತ್ತಾದರೆ ಮುಂದಿನ ವರ್ಷವೇ ಗತಿ.

ಆಗಲೇ ಹಾಕಿಬಿಟ್ಟಿದ್ದರೆ ಗೊಬ್ಬರವನ್ನು ಆದಷ್ಟು ಬಾಚಿ ತೆಗೆಯಿರಿ. ಉಳಿದ ಮಣ್ಣನ್ನು ಬೇಸಿಗೆ ಪೂರ್ತಿ ತೇವವಾಗಿಟ್ಟು ಆಗಾಗ ತಿರುವಿಹಾಕಿ. ಮತ್ತೆ ಹುರುಳಿಕಾಯಿ ಪರೀಕ್ಷೆ ಪಾಸಾಗುವ ತನಕ ಬೆಳ್ಳುಳ್ಳಿ, ಈರುಳ್ಳಿಯಲ್ಲಿ ತೃಪ್ತಿಪಡಿ. ಮುದುರಿದ ಗಿಡಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಊರಿನ ಹಸಿರು ಕಸಕ್ಕೂ ಬೇಡ, ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ.

ಈ ವರ್ಷವೂ ಅದೇ ರಾಶಿಗೆ "ಪುಕ್ಕಟೆ" ಅಂತ ಬೋರ್ಡ್ ಹಾಕಿದ್ದಾರೆ. ತೆಗೆಯಿರಿ ಅಂತ ಕೇಳಿದ್ದಕ್ಕೆ, "ಬೇಡದವರು ಬಿಡಲಿ" ಅಂದರು.