ಚಾರ್ಜಿಂಗ್ ಶ್ರವಣಯಂತ್ರವೋ, ಸೆಲ್ ಹಾಕುವುದೋ?

ಹಿರಿಯೂರಿನ ಕಡೆಯ ಹಳ್ಳಿಯಲ್ಲಿರುವ ತಂದೆಯವರಿಗೆ ಬ್ಲೂಟೂತ್ ಶ್ರವಣಯಂತ್ರ ಕೊಡಿಸುವಾಗ ಇವೆರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಕೇಳಿಸುವ ಗುಣಮಟ್ಟ ಇದರಿಂದ ನಿರ್ಧಾರವಾಗುವುದಿಲ್ಲ. ನಿತ್ಯದ ನಿರ್ವಹಣೆ ಮಾತ್ರ ಬೇರೆಯಾಗುತ್ತದೆ.

ಮೊದಲು ಅವರ ಬೆರಳುಗಳನ್ನು ಗಮನಿಸಿ. ಶ್ರವಣಯಂತ್ರಗಳಿಗೆ ಹಾಕುವ 312 ಸಂಖ್ಯೆಯ ಗುಂಡಿ ಸೆಲ್‌ನ ಅಗಲ 8 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಗಾಳಿ ತಾಗಿದ ಮೇಲಷ್ಟೇ ಕೆಲಸ ಮಾಡುವ ಈ ಸೆಲ್ಲಿಗೆ ಅಂಟಿಸಿರುವ ಕಂದು ಪಟ್ಟಿಯನ್ನು ಕಿತ್ತು, ಗಾಳಿ ಒಳಸೇರಲು ಒಂದೆರಡು ನಿಮಿಷ ಬಿಟ್ಟು, ಪುಟ್ಟ ಬಾಗಿಲೊಳಗೆ ಕೂರಿಸುವುದು ಕೈ ನಡುಗುವವರಿಗೆ, ದೃಷ್ಟಿ ಮಂದವಾದವರಿಗೆ ಕಷ್ಟವೇ ಸರಿ. ಒಮ್ಮೆ ಪಟ್ಟಿ ಕಿತ್ತರೆ, ಮತ್ತೆ ಅಂಟಿಸಿದರೂ ಸೆಲ್ ಸವೆಯುತ್ತಲೇ ಇರುತ್ತದೆ. ಚಾರ್ಜಿಂಗ್ ಯಂತ್ರವನ್ನಾದರೆ ರಾತ್ರಿ ಡಬ್ಬಿಯಲ್ಲಿಟ್ಟರೆ ಸಾಕು.

ಆದರೆ ರಾತ್ರಿಯಿಡೀ ಕರೆಂಟು ಹೋಗುವ ಊರಾದರೆ ಲೆಕ್ಕ ಬದಲಾಗುತ್ತದೆ. ತೋಟದ ಮನೆಯಲ್ಲೇ ಉಳಿಯುವವರಿಗೆ ಜೇಬಿನಲ್ಲಿರುವ ಒಂದು ಪೊಟ್ಟಣ ಸೆಲ್ಲೇ ಹೆಚ್ಚು ಭರವಸೆಯದು. ತಾನೇ ಬ್ಯಾಟರಿ ಹೊಂದಿರುವ ಚಾರ್ಜಿಂಗ್ ಡಬ್ಬಿ ದೊರೆತರೆ ಈ ಆಕ್ಷೇಪ ಬಹುಮಟ್ಟಿಗೆ ನೀಗುತ್ತದೆ.

ಖರ್ಚಿನಲ್ಲಿ ಚಾರ್ಜಿಂಗ್ ಮಾದರಿಗೆ ಸಾಮಾನ್ಯವಾಗಿ ಮೊದಲೇ ಹೆಚ್ಚು ತೆರಬೇಕು, ಕೆಲವು ವರ್ಷಗಳ ನಂತರ ಒಳಗಿನ ಲಿಥಿಯಂ ಬ್ಯಾಟರಿಯನ್ನು ಸರ್ವೀಸ್ ಕೇಂದ್ರದಲ್ಲಿ ಬದಲಿಸಬೇಕು. ಸೆಲ್‌ನ ಖರ್ಚು ಚಿಕ್ಕದು, ಆದರೆ ನಿಲ್ಲದು. ಮಗ ಬೆಂಗಳೂರಿನಿಂದ ದಿನವೂ ಅರ್ಧ ಗಂಟೆ ಮಾತನಾಡುವ ಮನೆಯಲ್ಲಿ, ಕರೆಯನ್ನು ನೇರ ಕಿವಿಗೆ ತರುವ ಬ್ಲೂಟೂತ್ ಸೆಲ್ಲನ್ನು ಇನ್ನಷ್ಟು ಬೇಗ ಖಾಲಿ ಮಾಡುತ್ತದೆ.

ಬೆವರು ಎರಡಕ್ಕೂ ವೈರಿ. ಸಂಜೆ ಒಣಬಟ್ಟೆಯಿಂದ ಒರೆಸಿ, ಸೆಲ್ ಮಾದರಿಯಾದರೆ ರಾತ್ರಿ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಒಣಡಬ್ಬಿಯಲ್ಲಿಡಬೇಕು. ಮನೆಯಲ್ಲಿ ಪುಟ್ಟ ಮೊಮ್ಮಕ್ಕಳಿದ್ದರೆ ಚಾರ್ಜಿಂಗ್ ಬಗೆಯನ್ನೇ ನಾನು ಹೇಳುವೆ, ಏಕೆಂದರೆ ಗುಂಡಿ ಸೆಲ್ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ.