ಇಸಿಎಂ ಹೋಗಿದೆ ಅಂತ ದೊಡ್ಡ ವರ್ಕ್‌ಶಾಪಿನವರು ಹೇಳಿದರು, ಯಾಕೆ ಹೋಯಿತು ಅಂತ ಹುಡುಕಿದ್ದು ಈ ಅಂಗಡಿಯವರು

ತುಮಕೂರಿನ ಈ ಲಾರಿ ಇಸಿಎಂ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ಒಂದು ಯಾಕೆ ಕಟ್ ಅಂತ ಕೆಳಗೆ ಬರೆದಿದ್ದೇನೆ.

ನನ್ನದು 2018ರ ಬಿಎಸ್-4 (ಹೊಗೆ ನಿಯಮದ ನಾಲ್ಕನೇ ಹಂತ) ಟೆನ್ ವೀಲರ್. ಸೆಕೆಂಡ್ಸಲ್ಲಿ ತಗೊಂಡಿದ್ದು, ಕಂತು ಇನ್ನೂ ಇದೆ. ಇರೋದು ಒಂದೇ ಲಾರಿ, ಹಾಗಾಗಿ ಅದು ನಿಂತರೆ ನಾನೂ ನಿಂತ ಹಾಗೆ. ಚಳ್ಳಕೆರೆ ಕಡೆಯಿಂದ ಈರುಳ್ಳಿ ತುಂಬಿಕೊಂಡು ಯಶವಂತಪುರಕ್ಕೆ ಹೊರಟಿತ್ತು. ಶಿರಾ ದಾಟಿ ಕಳ್ಳಂಬೆಳ್ಳ ಹತ್ತಿರ ಓಡುತ್ತಿದ್ದ ಗಾಡಿ ಹಾಗೇ ಆಫ್ ಆಯಿತು. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಸ್ಟಾರ್ಟ್ ಆಯಿತಂತೆ, ಎರಡು ಕಿಲೋಮೀಟರ್ ಹೋಗಿ ಮತ್ತೆ ಆಫ್. ಮೂರನೇ ಸಲ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಮಾತ್ರ ಹಿಡಿಯಲ್ಲ. ಡ್ರೈವರ್ ಡೀಸೆಲ್ ಲೈನಿಗೆ ಏರ್ ಹಿಡಿದಿದೆ ಅಂದುಕೊಂಡು ಫಿಲ್ಟರ್ ಹತ್ತಿರ ಬಿಚ್ಚಿ ಏರ್ ತೆಗೆದ. ಏನೂ ಆಗಲಿಲ್ಲ. ಆಮೇಲೆ ಅವನೇ ಗಮನಿಸಿ ಫೋನ್ ಮಾಡಿದ, 'ಅಣ್ಣಾ, ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಚೆಕ್ ಲೈಟೇ ಬರ್ತಿಲ್ಲ.' ಈರುಳ್ಳಿ ಕಾಯಲ್ಲ ಅಲ್ವಾ, ಬೇರೆ ಲಾರಿ ಕರೆಸಿ ರಸ್ತೆ ಬದಿಯಲ್ಲೇ ಮೂಟೆ ಬದಲಾಯಿಸಿದೆವು. ಆ ಟ್ರಿಪ್ಪಿನ ಬಾಡಿಗೆ ಅಲ್ಲಿಗೇ ಮುಗಿಯಿತು.

ಮೊದಲು ಹೋಗಿದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಹೆಸರು ಬೇಡ. ಎಸಿ ರೂಮು, ಕಾಫಿ ಮಷೀನ್ ಎಲ್ಲಾ ಇದೆ. ಹುಡುಗ ಬಂದು ಗಾಡಿಯ ದೋಷ ಓದುವ ಸ್ಕ್ಯಾನರ್ ಹಾಕಿದ, ಇಸಿಎಂ ಜೊತೆ ಕನೆಕ್ಟ್ ಆಗಲಿಲ್ಲ. ಹದಿನೈದು ನಿಮಿಷಕ್ಕೆ ತೀರ್ಪು ಬಂತು: ಇಸಿಎಂ ಹೋಗಿದೆ, ಹೊಸದು ತರಿಸಬೇಕು, ಐದಾರು ದಿನ, 1,12,000 ರೂಪಾಯಿ, ಅಡ್ವಾನ್ಸ್ ಕಟ್ಟಿ. ವೈರಿಂಗ್ ನೋಡಿದ್ರಾ ಅಂತ ಕೇಳಿದೆ. 'ಅದೆಲ್ಲಾ ಹೊಸದು ಹಾಕಿದ ಮೇಲೆ ಗೊತ್ತಾಗುತ್ತೆ ಸಾರ್' ಅಂದರು. ಹಾಕಿದ ಮೇಲೆ ಅದೂ ಸುಟ್ಟರೆ? ಎಲೆಕ್ಟ್ರಿಕಲ್ ಐಟಂಗೆ ರಿಟರ್ನ್ ಇಲ್ಲವಂತೆ. ಅಲ್ಲಿಂದಲೇ ಗಾಡಿ ಎಳೆಸಿಕೊಂಡು ಬಂದೆ.

ಈ ಅಂಗಡಿ ಇರುವುದು ತುಮಕೂರಿನಲ್ಲಿ, ಅಂತರಸನಹಳ್ಳಿ ಕಡೆ. ಒಂದು ಶಟರ್, ಒಂದು ಟೇಬಲ್, ಅದರ ಮೇಲೆ ಬಿಚ್ಚಿದ ಡಬ್ಬಿಗಳು. ನೋಡಿದರೆ ನಂಬಿಕೆ ಬರುವ ಜಾಗ ಅಲ್ಲ. ಆದರೆ ಮೇಸ್ತ್ರಿ ಡಬ್ಬಿ ಮುಟ್ಟುವ ಮುಂಚೆ ಗಾಡಿ ಹತ್ತಿರ ಬಂದರು, ಅದೇ ನನಗೆ ಇಷ್ಟವಾಗಿದ್ದು. ಮೊದಲ ಪ್ರಶ್ನೆಯೇ, 'ಅಣ್ಣಾ, ಈಚೆಗೆ ವೆಲ್ಡಿಂಗ್ ಏನಾದ್ರೂ ಮಾಡಿಸಿದ್ರಾ?' ಇಲ್ಲ ಅಂದೆ. ಇದನ್ನ ನೆನಪಿಟ್ಟುಕೊಳ್ಳಿ.

ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಅಂದರೆ ಇಸಿಎಂ ಸತ್ತಿದೆ ಅಂತಲೇ ಅಲ್ಲವಂತೆ. ಅದಕ್ಕೆ ಕರೆಂಟ್ ಬರದೆ ಇರಬಹುದು, ಅರ್ತ್ ಸರಿ ಇಲ್ಲದಿರಬಹುದು, ಸ್ಕ್ಯಾನರ್ ಜೊತೆ ಮಾತಾಡುವ ಎರಡು ಕ್ಯಾನ್ (CAN, ಡೇಟಾ ಹೋಗುವ) ವೈರ್ ಕಟ್ ಆಗಿರಬಹುದು. ಮೊದಲು ಇಸಿಎಂ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಬಿಚ್ಚಿ ಪವರ್ ಪಿನ್ನಿಗೆ ಮಲ್ಟಿಮೀಟರ್ ಇಟ್ಟರು, 24 ವೋಲ್ಟ್ ಮೇಲೆ ತೋರಿಸಿತು. ನಾನು 'ಸರಿ ಇದೆಯಲ್ಲ' ಅಂದೆ. ಅವರು ನಕ್ಕು ಒಂದು 21 ವ್ಯಾಟ್ ಇಂಡಿಕೇಟರ್ ಬಲ್ಬ್ ತಂದು ಅದೇ ಪಿನ್ನಿಗೆ ಹಿಡಿದರು. ವೈರ್ ಹೆಸರಿಗೆ ಮಾತ್ರ ತಾಗಿಕೊಂಡಿದ್ದು ಕನೆಕ್ಷನ್ ಕೆಟ್ಟಿದ್ದರೂ ಮೀಟರ್ 24 ತೋರಿಸುತ್ತದೆ, ಬಲ್ಬ್ ಮಾತ್ರ ಜೋರಾಗಿ ಉರಿಯಲ್ಲ. ನನ್ನ ಗಾಡಿಯಲ್ಲಿ ಜೋರಾಗಿ ಉರಿಯಿತು. ಅರ್ತ್ ಪಿನ್ನುಗಳನ್ನೂ ಹಾಗೇ ನೋಡಿದರು. ನನಗೆ ಇಪ್ಪತ್ತು ವರ್ಷದಿಂದ ಲಾರಿ ಗೊತ್ತು, ಈ ಬಲ್ಬ್ ಲೆಕ್ಕ ಗೊತ್ತಿರಲಿಲ್ಲ.

ಆಮೇಲೆ ಕಪ್ಲರ್ ವಾಪಸ್ ಹಾಕಿ, ಬ್ಯಾಟರಿ ಬಿಚ್ಚಿ, ಕ್ಯಾನ್ ವೈರ್ ಎರಡರ ಮಧ್ಯೆ ಓಮ್ ಅಳೆದರು. ಲೈನಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ, ಎರಡೂ ಪ್ಯಾರಲಲ್ ಆಗಿ ಸೇರಿ 60 ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ಕಟ್ ಆಗಿದೆ ಅಂತ. 60 ಬಂತು. ಅಂದರೆ ದಾರಿ ಸರಿ ಇದೆ, ಆ ಕಡೆಯ ಇಸಿಎಂ ಮಾತಾಡುತ್ತಿಲ್ಲ.

ಕೊನೆಗೆ ಸೆನ್ಸರ್ ಸಪ್ಲೈ. ಇಸಿಎಂ ಸೆನ್ಸರುಗಳಿಗೆ 5 ವೋಲ್ಟ್ ಕೊಡುತ್ತದೆ, ಒಂದೇ ಸಪ್ಲೈ ಮೇಲೆ ಎರಡು ಮೂರು ಸೆನ್ಸರ್ ಇರುತ್ತವೆ. ಒಂದು ಶಾರ್ಟ್ ಆದರೆ ಉಳಿದವನ್ನೂ ಕೆಳಗೆ ಎಳೆಯುತ್ತದೆ. ಕೀ ಆನ್ ಮಾಡಿ ಒಂದೊಂದೇ ಸೆನ್ಸರ್ ಕಪ್ಲರ್ ಕಿತ್ತರು, ಬೂಸ್ಟ್ ಸೆನ್ಸರ್, ಆಯಿಲ್ ಪ್ರೆಶರ್, ರೈಲ್ ಪ್ರೆಶರ್, ಎಲ್ಲಾ. 5 ವೋಲ್ಟ್ ಬರಲೇ ಇಲ್ಲ. ಕೀ ಆಫ್ ಮಾಡಿ ಇಸಿಎಂ ಕಳಚಿ ಬರೀ ವೈರಿಂಗನ್ನು ಅಳೆದರೆ ಸೆನ್ಸರ್ ವೈರಿಗೂ 24 ವೋಲ್ಟ್ ವೈರಿಗೂ ಬೀಪ್ ಬಂತು, ಅಂದರೆ ಎರಡೂ ಎಲ್ಲೋ ತಾಗಿವೆ! ಅವೆರಡೂ ಜನ್ಮದಲ್ಲಿ ಸೇರಬಾರದ ವೈರುಗಳು.

ಅಲ್ಲಿಂದ ಒಂದೂವರೆ ಗಂಟೆ ಹಾರ್ನೆಸ್ (ವೈರುಗಳ ಕಟ್ಟು) ಟೇಪ್ ಬಿಚ್ಚುತ್ತಾ ಹೋದರು. ಚಾಸಿ ಒಳಬದಿಯಲ್ಲಿ ಒಂದು ಕಡೆ ವೈರ್ ಮೇಲಿನ ಪೈಪ್ ಕರಗಿ ವೈರುಗಳೆಲ್ಲಾ ಅಂಟಿಕೊಂಡಿದ್ದವು. ಅದರ ಬೆನ್ನಿಗೇ ಮಡ್‌ಗಾರ್ಡ್ ಬ್ರಾಕೆಟ್. ಬ್ರಾಕೆಟ್ ಮೇಲೆ ಹೊಸ ವೆಲ್ಡಿಂಗ್. ಮೇಸ್ತ್ರಿ ಏನೂ ಹೇಳಲಿಲ್ಲ, ಟಾರ್ಚ್ ಮಾತ್ರ ಹಿಡಿದು ತೋರಿಸಿದರು. ಒಂದು ತಿಂಗಳ ಹಿಂದೆ ಬ್ರಾಕೆಟ್ ಬಿಟ್ಟಿದೆ ಅಂತ ನಾನೇ ನಿಂತು ಮಾಡಿಸಿದ್ದು. ಬ್ಯಾಟರಿ ಬಿಚ್ಚಿಸಿರಲಿಲ್ಲ, ವೈರಿಂಗ್ ಸರಿಸಿರಲಿಲ್ಲ, ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಶಾಖಕ್ಕೆ ಪೈಪ್ ಕರಗಿದೆ, ಆಮೇಲೆ ಗಾಡಿ ಅಲುಗಾಡಿ ಅಲುಗಾಡಿ ವೈರ್ ಬೆತ್ತಲಾಗಿದೆ. ಅವರ ಲೆಕ್ಕದಲ್ಲಿ ಮೊದಲು ಸೆನ್ಸರ್ ವೈರ್ ಚಾಸಿಗೆ ತಾಗಿದಾಗೆಲ್ಲಾ ಗಾಡಿ ಆಫ್ ಆಗಿದೆ, ಕೊನೆಗೆ 24 ವೋಲ್ಟ್ ವೈರಿಗೆ ತಾಗಿ ಡಬ್ಬಿಯೇ ಹೋಗಿದೆ. ಅಂದರೆ ಆ ವರ್ಕ್‌ಶಾಪಿನವರು ಹೇಳಿದ್ದು ಸುಳ್ಳಲ್ಲ, ಇಸಿಎಂ ಹೋಗಿತ್ತು. ಆದರೆ ಅವರ ಮಾತು ಕೇಳಿ ಹೊಸದು ಹಾಕಿಸಿದ್ದರೆ ಕೀ ತಿರುಗಿಸಿದ ಕೂಡಲೇ ಅದರ ಕಥೆಯೂ ಇಷ್ಟೇ.

ಇಸಿಎಂ ಅನ್ನು ಟೇಬಲ್ ಮೇಲೆ ಪವರ್ ಸಪ್ಲೈಗೆ ಹಾಕಿ ನನ್ನ ಎದುರೇ ತೋರಿಸಿದರು. ಒಂದು ಚಿಪ್ ಕೈ ಇಡೋಕಾಗದಷ್ಟು ಬಿಸಿ. ರಿಪೇರಿ ಆಗುತ್ತಾ ಅಂದೆ. 'ಬೋರ್ಡ್ ಪದರ ಸುಟ್ಟಿದೆ, ದುಡ್ಡು ಇಸ್ಕೊಂಡು ಮಾಡಿಕೊಡಬಹುದು, ಎರಡು ತಿಂಗಳಿಗೆ ನೀವೇ ಬೈಯ್ಕೊಂಡು ಬರ್ತೀರಾ' ಅಂದರು. ಅದೇ ಪಾರ್ಟ್ ನಂಬರಿನ ಸೆಕೆಂಡ್ ಹ್ಯಾಂಡ್ ಡಬ್ಬಿಗೆ ನನ್ನ ಹಳೆಯದರ ಡೇಟಾ ಕಾಪಿ ಮಾಡಿ ಹಾಕುವುದು ಅಂತ ಆಯಿತು. ಮೆಮೊರಿ ಚಿಪ್ ಪುಣ್ಯಕ್ಕೆ ಉಳಿದಿತ್ತು. ಅದರಲ್ಲಿ ಚಾಸಿ ನಂಬರ್, 80ರ ಸ್ಪೀಡ್ ಲಿಮಿಟ್, ಡೀಸೆಲ್ ಚಿಮ್ಮಿಸುವ ಪ್ರತಿ ಇಂಜೆಕ್ಟರಿನ ಕೋಡ್ ಎಲ್ಲಾ ಇರುತ್ತದೆ. ಡೇಟಾ ಸಿಗದಿದ್ದರೆ ಇಂಜೆಕ್ಟರ್ ತಲೆ ಮೇಲಿನ ಕೋಡ್ ಒಂದೊಂದೇ ನೋಡಿ ಟೈಪ್ ಮಾಡಬೇಕು, ಬಿಟ್ಟರೆ ಇಂಜಿನ್ ಐಡ್ಲಿಂಗಲ್ಲೇ ಕುಣಿಯುತ್ತೆ, ಹೊಗೆ ಬರುತ್ತೆ. ಡೇಟಾ ಕಾಪಿ ಮಾಡುವಾಗ ಪಕ್ಕದಲ್ಲಿದ್ದ ಇನ್ನೊಬ್ಬ ಓನರ್ 'ಹಂಗೇ ಸ್ಪೀಡ್ ಲಿಮಿಟ್ ತೆಗೆಸ್ಕೊಳ್ಳಿ' ಅಂತ ಐಡಿಯಾ ಕೊಟ್ಟ. ಮೇಸ್ತ್ರಿ ಅದೆಲ್ಲಾ ಮಾಡಲ್ಲ ಅಂದುಬಿಟ್ಟರು. ಅದಕ್ಕೂ ಒಂದು ಶಹಬ್ಬಾಸ್.

ಕರಗಿದ ಕಡೆ ಬರೀ ಟೇಪ್ ಸುತ್ತಲಿಲ್ಲ. ಅಷ್ಟುದ್ದ ವೈರ್ ಕತ್ತರಿಸಿ ಹೊಸದು ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಬ್ರಾಕೆಟ್ಟಿನಿಂದ ದೂರ ಕ್ಲಿಪ್ ಮಾಡಿದರು. ಡಬ್ಬಿ ಹಾಕುವ ಮುಂಚೆ ಪ್ರತಿ ಪಿನ್ ಇನ್ನೊಂದು ಸಲ ಅಳೆದರು. ಕೀ ಆನ್, ಚೆಕ್ ಲೈಟ್ ಬಂತು, 5 ವೋಲ್ಟ್ ಬಂತು, ಎರಡನೇ ಸೆಲ್ಫಿಗೆ ಇಂಜಿನ್ ಹಿಡಿಯಿತು. ಲ್ಯಾಪ್‌ಟಾಪ್ ಹಾಕಿಕೊಂಡೇ ಹೈವೇಯಲ್ಲಿ ಒಂದು ರೌಂಡ್ ಬಂದರು.

ಖರ್ಚು: ಡಬ್ಬಿ 38,000, ಡೇಟಾ ಮತ್ತು ಕೂಲಿ 7,000, ವೈರಿಂಗ್ 4,500. ಎರಡೂವರೆ ದಿನ. ನಾಲ್ಕು ತಿಂಗಳಾಯಿತು, ವಾರಕ್ಕೆ ಎರಡು ಟ್ರಿಪ್ ಓಡುತ್ತಿದೆ, ತೊಂದರೆ ಇಲ್ಲ.

ಈಗ ಕಟ್ ಆದ ಸ್ಟಾರ್. ಸೆಕೆಂಡ್ ಹ್ಯಾಂಡ್ ಡಬ್ಬಿ ಯಾವ ಗಾಡಿಯದು ಅಂತ ಕೇಳಿದರೆ 'ಗುಜರಿಯಿಂದ ಬಂದಿದ್ದು' ಅನ್ನುವುದು ಬಿಟ್ಟರೆ ಕಾಗದ ಏನೂ ಇಲ್ಲ. ಸ್ಟಿಕರ್ ನಂಬರ್ ತಾಳೆ ಆಯಿತು ನಿಜ, ಆದರೂ ಅಷ್ಟು ದುಡ್ಡಿನ ಮಾಲಿಗೆ ಮೂಲ ತೋರಿಸಬೇಕು. ಬಿಲ್ಲನ್ನು ಎರಡು ಸಲ ಕೇಳಿ ಇಸ್ಕೊಳ್ಳಬೇಕಾಯಿತು. ಆರು ತಿಂಗಳ ವಾರಂಟಿಯನ್ನು ಬಿಲ್ ಮೇಲೇ ಬರೆಸಿಕೊಳ್ಳಿ, ಬಾಯಿ ಮಾತಿಗೆ ಬಿಡಬೇಡಿ. ಫೋನ್ ಎತ್ತುವುದು ಮೇಸ್ತ್ರಿಗೆ ಮೂಡ್ ಇದ್ದಾಗ ಮಾತ್ರ. ಲಾರಿ ನಿಲ್ಲಿಸಲು ಜಾಗ ಕಮ್ಮಿ, ಬೆಳಗ್ಗೆ ಒಂಬತ್ತರೊಳಗೆ ಹೋದರೆ ವಾಸಿ. ಹೋಗುವಾಗ ಸ್ಟೂಲೋ ಚೇರೋ ಒಂದು ತಗೊಂಡು ಹೋಗಿ, ಅಲ್ಲಿ ಕೂರೋಕೆ ಇರೋದು ಒಂದೇ ಹಳೇ ಟೈರು.